ತತ್ತಿ ಇಲ್ಲದ ದವಾಖಾನಿ

ಶನಿವಾರ, 14 ಜೂನ್ 1997

ಬೌದ್ಧ ಟ್ರಸ್ಟಿನ ಯಶೋಧರಾ ಹೊಸ ದವಾಖಾನಿಗೆ ದೇಣಿಗಿ ಕೇಳಾಕ ಬಂದಿದ್ಲು. ಕುಪವಾಡದ ನಮ್ಮ ಕಾರಖಾನಿಯಿಂದ ಮೂವತ್ತು ಮಂಚ ಕೊಡ್ತೇನಂತ ನಮ್ಮ ಯಜಮಾನ್ರು ಹೇಳಿದ್ರು. “ಆದ್ರ ಅಲ್ಲಿ ತತ್ತಿ ಬೇಯಿಸಬಾರದು. ನಾವು ಜೈನರು.”

“ಟಿ.ಬಿ. ಆದವರಿಗೆ ತತ್ತಿ ಬೇಕಾಗ್ತದರಿ, ಕಾಕಾ,” ಅಂದ್ಲು ಆಕಿ. ಮಂಚದ ಆಸೆ ಬಿಟ್ಟು, ಚಹಾ ಕುಡದು ಎದ್ದು ಹೋದ್ಲು.

ಹೊತ್ತು ಮುಳುಗೂದ್ರೊಳಗ ಊಟಕ್ಕ ಕುಂತಾಗ ನಮ್ಮವರು, “ನಮ್ಮ ಮನ್ಯಾಗ ಯಾರರ ತತ್ತಿ ಮುಟ್ಟ್ಯಾರೇನು?” ಅಂತ ನನ್ನ ಕೇಳಿದ್ರು.

ಹನ್ನೆರಡನೇ ವರ್ಷಕ್ಕ ಟಿ.ಬಿ. ಆಗಿ ನಾ ಮಿರಜದ ದವಾಖಾನ್ಯಾಗ ಆರು ತಿಂಗಳು ಮಲಗಿದ್ದೆ. ಅವ್ವ ದಿನಾ ಹಾಲಿನ್ಯಾಗ ತತ್ತಿ ಕದಡಿ, ಬಾಗಲಕ್ಕ ಬೆನ್ನು ಮಾಡಿ ನಿಂತು ಕುಡಸ್ತಿದ್ಲು. “ಯಾರಿಗೂ ಹೇಳಬ್ಯಾಡ,” ಅಂದಿದ್ಲು.

ನಲವತ್ತು ವರ್ಷ ಹೇಳಿಲ್ಲ. ಇವತ್ತ ಬಾಯಿತನಕ ಬಂದಿತ್ತು. ಅಷ್ಟರಾಗ ಅವರು ಇನ್ನೊಂದು ರೊಟ್ಟಿ ಕೇಳಿದ್ರು. ಹಾಕಿದೆ.