ಮುಂಬಾಗಿಲ ಗಂಟೆ

ವಿರಾಜಪೇಟೆ
18 ಫೆಬ್ರವರಿ 2025, ಮಂಗಳವಾರ

ಯಮುನಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ನನ್ನ ನಂಬರ್ ಬ್ಲಾಕ್ ಮಾಡಿದವಳಿಗೆ ಆ ಮಾತು ಹಿಡಿಸಲಾರದು. ಅದಕ್ಕೇ ಈ ಕಾಗದ. ತಿತಿಮತಿ ಬಸ್ಸಿನ ಕಂಡಕ್ಟರ್ ದೀಪಕ್ ಕೈಗೆ ಕೊಡುತ್ತೇನೆ. ನೀನು ಚೀಟಿ ಕಳಿಸಿದ್ದೂ ಅವನ ಕೈಯಲ್ಲೇ ಅಲ್ಲವೆ?

ಆ ಚೀಟಿಯನ್ನು ಎಷ್ಟು ಸಲ ಓದಿದೆನೋ. “ಗಂಟೆ ಮಾತಾಡ್ತು, ಅದಕ್ಕೇ ಕೂತೆ ಅಂತ ಅಮ್ಮ ಹೇಳ್ತಾಳೆ. ಯಾರ ದನಿ ಅಂತಲೂ ಹೇಳ್ತಾಳೆ. ನಿಜವಾ ಸುಳ್ಳಾ, ಅಷ್ಟೇ ಬರಿ. ಬೇರೇನೂ ಬೇಡ.” ಬೇರೇನೂ ಬೇಡವೆಂದರೆ ಹೇಗೆ? ಬಂಗಲೆಯ ಬಾಗಿಲು ತೆರೆಯದ್ದರಿಂದ ಒಬ್ಬ ಕೂಲಿಯಾಳು ಸತ್ತಿದ್ದಾನೆ, ಅವನು ನಿನ್ನ ಅಪ್ಪ. ನಿನಗೆ ಬೇಕಿರುವುದು ಗಂಟೆ ಮಾತಾಡಿತೇ ಎನ್ನುವುದು ಮಾತ್ರ. ನಮ್ಮ ಜನ ಸೋಲುವುದೇ ಹೀಗೆ. ಸಣ್ಣದನ್ನು ಕೇಳಿಕೊಂಡು ದೊಡ್ಡದನ್ನು ಬಿಟ್ಟುಕೊಡುತ್ತಾರೆ.

ಬರುವ ಶುಕ್ರವಾರ ಹನ್ನೊಂದು ಗಂಟೆಗೆ ಕಾರ್ಮಿಕ ಅಧಿಕಾರಿ ವಿಚಾರಣೆಗೆ ಎಸ್ಟೇಟ್ ಆಫೀಸಿಗೆ ಬರುತ್ತಾರೆ. ಅರ್ಜಿ ಹಾಕಿದವಳು ನಾನು. ನೀನು ಅಮ್ಮನನ್ನು ಕರೆದುಕೊಂಡು ಬರಬೇಕು. ಅವಳು ಏನು ಹೇಳಬೇಕು, ಏನು ಹೇಳಬಾರದು ಎಂದು ತಿಳಿಸಲು ಇಷ್ಟು ಬರೆಯುತ್ತಿದ್ದೇನೆ. ಅವತ್ತಿನದನ್ನು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು, ಮೊದಲಿಂದ ಕೇಳು.

ಹುತ್ತರಿ ಹಬ್ಬ ಕಳೆದ ವಾರ ಎಸ್ಟೇಟಿನ ಹೊಸ ಸಾಹುಕಾರ ನಾಗಾರ್ಜುನ, ನಾನು ಕೆಲಸ ಮಾಡುವ ಎಲೆಕ್ಟ್ರಿಕ್ ಅಂಗಡಿಗೆ ಫೋನ್ ಮಾಡಿದರು. ಕ್ಯಾಮೆರಾ ಇರುವ ಕರೆಗಂಟೆಯೊಂದನ್ನು ತರಿಸಿದ್ದರು. ಬಾಗಿಲಿಗೆ ಬಂದವರ ಮುಖ ಅವರ ಫೋನಿನಲ್ಲಿ ಕಾಣಬೇಕು. ಅವರು ತಿಂಗಳಲ್ಲಿ ಇಪ್ಪತ್ತು ದಿನ ಶನಿವಾರಸಂತೆಯ ಮಂಡಿಯಲ್ಲೇ ಇರುವವರು, ಬಂಗಲೆಯಲ್ಲಿ ಹೆಂಡತಿ ಸರ್ವಮಂಗಳ ಒಬ್ಬರೇ. ತೊಡಕು ಏನೆಂದರೆ, ಬಂಗಲೆಗೆ ಹಳೆಯ ಸಾಹುಕಾರರ ಕಾಲದ ಕಳ್ಳರ ಅಲಾರಂ ಇದೆ. ಗಂಟೆ ಅದಕ್ಕೆ ಸೇರಬೇಕೆಂದು ಇವರ ಹಟ. ಅದು ಒಂದು ಕಂಪನಿಯದು, ಇದು ಇನ್ನೊಂದರದು. ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯುವುದಿಲ್ಲ. ನಮ್ಮ ಅಂಗಡಿಯ ಚೇತನ್‌ಕುಮಾರ್ ಮೊದಲೇ ಹೇಳಿದ್ದರು, “ಆಗಲ್ಲ ಅಂತ ಹೇಳಿ, ಟೀ ಕೊಟ್ರೆ ಕುಡ್ಕೊಂಡು ಬಾ ಮಾರಾಯ್ತಿ. ಇವೆರಡಕ್ಕೂ ಜಾತಕ ಕೂಡಲ್ಲ.”

ನಾನು ಹಾಗೆಯೇ ಹೇಳಿ ಬರುತ್ತಿದ್ದೆ. ನಾಗಾರ್ಜುನ ನನ್ನ ಮುಖ ನೋಡಿ, “ಸಿದ್ದರಾಜು ಮಗಳಲ್ವಾ ನೀನು? ನಮ್ಮ ಎಸ್ಟೇಟಲ್ಲೇ ರೈಟರ್ ಆಗಿದ್ರಂತಲ್ಲ ನಿಮ್ಮಪ್ಪ. ಆಗಲ್ಲ ಅಂತ ಹೇಳೋಕೆ ನೀನೇ ಬೇಕಿತ್ತಾ, ಫೋನಲ್ಲೇ ಹೇಳಬಹುದಿತ್ತು” ಎಂದು ನಕ್ಕರು. ಆ ನಗು ನಿನಗೆ ಗೊತ್ತು. ನಮ್ಮಪ್ಪ ಕೂಲಿಲೆಕ್ಕ ಬರೆಯುತ್ತ ಮೂವತ್ತು ವರ್ಷ ಅಂಥ ನಗುವಿಗೆ ತಲೆಬಾಗಿದವರು. ನಾನು ಚೀಲ ಬಿಚ್ಚಿದೆ.

ಮಾಡಿಯೇ ತೋರಿಸಿದೆ, ಯಮುನಾ. ನಡುವೆ ರಿಲೇ ಎಂಬ ಒಂದು ಸಣ್ಣ ಸ್ವಿಚ್ಚು ಕೂರಿಸಿ, ಅಲಾರಂ ಪೆಟ್ಟಿಗೆಯಲ್ಲಿ ಖಾಲಿ ಇದ್ದ ಒಂದು ಕಿಟಕಿಯ ಜಾಗಕ್ಕೆ ಗಂಟೆಯ ತಂತಿ ಕೊಟ್ಟೆ. ಗುಂಡಿ ಒತ್ತಿದರೆ ಕಿಟಕಿ ತೆರೆಯಿತು ಎಂದು ಪೆಟ್ಟಿಗೆ ತಿಳಿಯುತ್ತದೆ. ಹಗಲು ಅಲಾರಂ ಆಫ್ ಇದ್ದಾಗ ಒಳಗೆ ಟಿಂಗ್ ಎನ್ನುತ್ತದೆ. ಆದರೆ ರಾತ್ರಿ ಅಲಾರಂ ಹಾಕಿದ ಮೇಲೆ, ಬೆಳಿಗ್ಗೆ ಏಳಕ್ಕೆ ಸರ್ವಮಂಗಳ ಎದ್ದು ಅದನ್ನು ತೆಗೆಯುವವರೆಗೆ, ಗುಂಡಿ ಒತ್ತಿದವನು ಕಳ್ಳ. ಆ ಪೆಟ್ಟಿಗೆಗೆ ಅತಿಥಿ ಎನ್ನುವ ಲೆಕ್ಕವೇ ಇಲ್ಲ. ಬಂದವರೆಲ್ಲ ಕಳ್ಳರು. ಸಾಹುಕಾರರಿಗೆ ತಕ್ಕ ಯಂತ್ರ ಎಂದು ನನ್ನಷ್ಟಕ್ಕೆ ನಕ್ಕಿದ್ದೆ. ‘ಅಲಾರಂ ಹಾಕಿದಾಗ ಗಂಟೆ ಒತ್ತಬಾರದು’ ಎಂದು ಚೀಟಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಸರ್ವಮಂಗಳಗೂ ಹೇಳಿದೆ. ಒಳಗಿರುವವರಿಗೆ ಹೇಳಿದೆ. ಹೊರಗೆ ನಿಂತು ಒತ್ತುವವರಿಗೆ ಹೇಳಲಿಲ್ಲ. ಇದನ್ನು ಒಪ್ಪಿಕೊಳ್ಳುತ್ತೇನೆ.

ಅದೇ ಸಂಜೆ ಕೂಲಿಯವರ ಮನೆಗಳ ಲೈನಿಗೆ ಹೋದೆ. ಬಂಗಲೆಯ ಮುಂಬಾಗಿಲಿಗೆ ಲೈನಿನವರು ಯಾರೂ ಹೋಗುವುದಿಲ್ಲ, ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಹೋಗುವುದಿಲ್ಲ. ಹಿಂದುಗಡೆ ಸೌದೆ ಕೊಟ್ಟಿಗೆಯ ಪಕ್ಕ ನಿಂತು ಕೆಮ್ಮಬೇಕು. ಅಡುಗೆಯ ಚಲುವಮ್ಮ ಬಂದು ಏನೆಂದು ಕೇಳಬೇಕು. ನೀನೂ ನಾನೂ ಗೋದಾಮಿನ ಮೆಟ್ಟಿಲ ಮೇಲೆ ಕೂತು ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಕಾರ್ಮಿಕ ಸಂಘದ ಆ ಸಣ್ಣ ಪುಸ್ತಿಕೆಗಳನ್ನು ಓದುತ್ತಿದ್ದಾಗ ನಾನು ನಿನಗೆ ಇದನ್ನೇ ಹೇಳುತ್ತಿದ್ದೆ. ಹಿಂಬಾಗಿಲಲ್ಲಿ ಕೆಮ್ಮುವವನು ಕೂಲಿ ಹೆಚ್ಚಿಸು ಎಂದು ಎಂದೂ ಕೇಳಲಾರ. ನೀನು ಆ ಪುಸ್ತಿಕೆಯಲ್ಲೇ ಗಾಳಿ ಬೀಸಿಕೊಂಡು ನಕ್ಕಿದ್ದೆ.

ನಿನ್ನ ಅಮ್ಮ, ಪಾಪಕ್ಕನೂ ನಕ್ಕಳು. “ಮುಂದ್ಗಡೆಗಾ? ಅಯ್ಯೋ ಬ್ಯಾಡ ಕಣವ್ವ. ನಂಗೆ ಹಿಂದ್ಗಡೆನೇ ಸಲೀಸು, ಚಲುವಮ್ಮ ಒಂದ್ ಲೋಟ ಕಾಪಿನಾದ್ರೂ ಕೊಡ್ತಾಳೆ.” ನಿಮ್ಮಪ್ಪ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. “ಹೋಗಿ ಒತ್ತೇ. ಮದುವೇಲೂ ಒಂದು ಫೋಟ ತೆಗೆಸ್ಲಿಲ್ಲ ನಿಂದು, ಸಾಹುಕಾರ್ರ ಪೋನಲ್ಲಾದ್ರೂ ಬರ್ಲಿ” ಎಂದ. ಮಾರನೆಯ ದಿನ ಮಧ್ಯಾಹ್ನ ನಾನೇ ಅವಳ ಕೈ ಹಿಡಿದು ವರಾಂಡಕ್ಕೆ ಹತ್ತಿಸಿ ಗುಂಡಿ ಒತ್ತಿಸಿದೆ. ಟಿಂಗ್ ಎಂದಿತು. ಸರ್ವಮಂಗಳ ಬಾಗಿಲು ತೆರೆದು, “ಏನು ಪಾಪ?” ಎಂದರು. ಏನೂ ಕೆಲಸವಿರಲಿಲ್ಲ, ಪಾಪಕ್ಕ ಸುಮ್ಮನೆ ಹಲ್ಲು ಬಿಟ್ಟಳು. “ಇನ್ನು ಮೇಲೆ ಏನೇ ಇದ್ದರೂ ಇಲ್ಲೇ ಬರಬೇಕು, ಹಿಂದೆ ಹೋಗಬಾರದು” ಎಂದು ಅವಳಿಂದ ಮಾತು ತೆಗೆದುಕೊಂಡೆ. ನನ್ನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅವಳು ಮಾತಿಗೆ ತಪ್ಪುವವಳಲ್ಲ.

ಜನವರಿ ಇಪ್ಪತ್ತು, ಸೋಮವಾರ. ಬೆಳಿಗ್ಗೆ ಆರು ಹೊಡೆಯುವಾಗ ಸೌದೆ ಎಳೆಯಲು ಹೋದ ನಿನ್ನ ಅಪ್ಪ ಕರಿಯಣ್ಣನ ಕೈಗೆ ಹಾವು ಕಚ್ಚಿತು. ಪಾಪಕ್ಕ ಟವೆಲ್ ಬಿಗಿದು, ಅವನನ್ನು ಒಳಗೆ ಮಲಗಿಸಿ, ಜೀಪ್ ಕೇಳಲು ಬಂಗಲೆಗೆ ಓಡಿದಳು. ಅಲಾರಂಗೆ ಸೇರದ ಹಿಂಬಾಗಿಲು ತೆರೆದೇ ಇತ್ತು. ಚಲುವಮ್ಮ ಆಗಲೇ ಎದ್ದು ಒಲೆ ಹಚ್ಚಿದ್ದಳು. ಪಾಪಕ್ಕ ಅದನ್ನು ದಾಟಿ, ಮನೆ ಸುತ್ತಿ, ಮುಂದಿನ ವರಾಂಡ ಹತ್ತಿ ಗುಂಡಿ ಒತ್ತಿದಳು.

ಸೈರನ್ ಕೂಗಿತು.

ಆ ಸೈರನ್ ಯಾವುದೆಂದು ನಿನಗೆ ಹೇಳಬೇಕಿಲ್ಲ. ಬಂಗಲೆಯ ಮಾಡಿನ ಮೇಲಿನದ್ದು, ಆನೆ ತೋಟಕ್ಕೆ ನುಗ್ಗಿದಾಗಲೂ ಕೂಗುವುದು ಅದೇ. ನಾವು ಮಕ್ಕಳಾಗಿದ್ದಾಗ ಅದು ಕೂಗಿದರೆ ಮಂಚದ ಕೆಳಗೆ ನುಸುಳುತ್ತಿದ್ದೆವು. ಕೂಗು ನಿಂತ ಮೇಲೂ ಅರ್ಧ ಗಂಟೆ ಬಾಗಿಲು ತೆಗೆಯುವಂತಿಲ್ಲ, ಗಾಡಿ ಸ್ಟಾರ್ಟ್ ಮಾಡುವಂತಿಲ್ಲ. ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದವನನ್ನು ಆನೆ ತುಳಿದ ವರ್ಷದಿಂದ ಅದೇ ಕಟ್ಟಳೆ. ಹಾಗಾಗಿ ಲೈನಿನ ಇಪ್ಪತ್ತೆರಡು ಮನೆಯೂ ಚಿಲಕ ಹಾಕಿಕೊಂಡಿತು. ಚಲುವಮ್ಮ ಹಿಂಬಾಗಿಲು ಮುಚ್ಚಿದಳು. ಸರ್ವಮಂಗಳ ದೇವರ ಕೋಣೆ ಸೇರಿದರು. ಪಾಪಕ್ಕ ಮತ್ತೆ ಒತ್ತಿದಳು, ಮತ್ತೆ ಕೂಗಿತು. ಒಂದೊಂದು ಸಲ ಒತ್ತಿದಾಗಲೂ ಆ ಅರ್ಧ ಗಂಟೆ ಹೊಸದಾಗಿ ಶುರುವಾಗುತ್ತಿತ್ತು. ಜೀಪಿನ ಅಶೋಕ್ ನನಗೆ ಹೇಳಿದ, “ಎರಡೆರಡು ಸಲ ಕೂಗ್ತಲ್ಲ ಅನುಶ್ರೀ, ಹಿಂಡೇ ಬಂದದೆ ಅಂದ್ಕೊಂಡು ಮಕ್ಕಳ ಬಾಯಿ ಮುಚ್ಚಿ ಹಿಡ್ಕೊಂಡು ಕೂತಿದ್ದೆ.”

ನಾನು ರೈಟರ್ ಮಗಳು. ಆ ಸೈರನ್ ಕೇಳಿಯೇ ಬೆಳೆದವಳು. ತಂತಿ ಕೊಡುವಾಗ ನನಗೆ ಕಳ್ಳರು ನೆನಪಾದರು, ಆನೆ ನೆನಪಾಗಲಿಲ್ಲ. ಇದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ತಪ್ಪು ಬೇರೆ, ಅಪರಾಧ ಬೇರೆ. ಅಪರಾಧ ಮನೆಯೊಳಗೆ ಕೂತವರದು.

ಆಮೇಲೆ ಪಾಪಕ್ಕ ಮೆಟ್ಟಿಲ ಮೇಲೆ ಕೂತಳು. ಮುಕ್ಕಾಲು ಗಂಟೆ ಕೂತಳು. ಅವಳ ಮೇಲೆ ಊರು ಹೊರಿಸುತ್ತಿರುವುದು ಇದನ್ನೇ. ಕೆಳಗಿನ ರಸ್ತೆಗೆ ಐದು ನಿಮಿಷದ ದಾರಿ. ಆರೂ ಇಪ್ಪತ್ತೈದಕ್ಕೆ ಹಾಲಿನ ಗಾಡಿ ಅಲ್ಲಿ ದಿನವೂ ನಿಲ್ಲುತ್ತದೆ, ಏಳಕ್ಕೆ ಮೊದಲು ಸಿದ್ದಾಪುರ ಮುಟ್ಟುತ್ತದೆ. “ಗಂಡ ಒಳಗೆ ಸಾಯ್ತಿದ್ರೆ ಇವ್ಳು ಸಾಹುಕಾರ್ರ ಮೆಟ್ಟಿಲ ಮೇಲೆ ಗಾಳಿ ತಗೊಂಡು ಕೂತಿದ್ಲಲ್ಲ” ಎಂದು ನಿನ್ನ ಅತ್ತೆಯೇ ತಿಥಿಯ ದಿನ ಎಲ್ಲರ ಮುಂದೆ ಅಂದಳಂತೆ. ನೀನು ಒಂದು ಮಾತೂ ಆಡಲಿಲ್ಲವಂತೆ. ಆದರೆ ಸರ್ವಮಂಗಳ ಬಂದು ಅಮ್ಮನ ಕೈ ಹಿಡಿದು ಅತ್ತಾಗ ನೀನೂ ಜೊತೆಗೆ ಕಣ್ಣೀರು ಹಾಕಿದೆಯಂತೆ. ನಿನ್ನ ಕಣ್ಣೀರಿಗೆ ಯಾರ ಮನೆಯ ಋಣವೋ ತಿಳಿಯದು.

ಎಲ್ಲ ತೆರೆದು ಜೀಪ್ ಹೊರಟಾಗ ಏಳು ದಾಟಿತ್ತು. ಕರಿಯಣ್ಣನ ಉಸಿರು ಸಿದ್ದಾಪುರದ ಇಳಿಜಾರಿನಲ್ಲೇ ನಿಂತಿತು.

ಈಗ ಶುಕ್ರವಾರದ ವಿಷಯ. ನಾನು ಒಂದು ಕರಪತ್ರ ಬರೆದು ಅಚ್ಚಿಗೆ ಕೊಟ್ಟಿದ್ದೇನೆ. ಸಾರ ಇಷ್ಟು: ನಾಗಾರ್ಜುನ ಆ ಬೆಳಿಗ್ಗೆ ಫೋನಿನಲ್ಲಿ ಪಾಪಕ್ಕನ ಮುಖ ಕಂಡರು, ಕಂಡೂ ಸುಮ್ಮನಿದ್ದರು. ಒಂದು ಕರೆ ಮಾಡಿದ್ದರೆ ಬಾಗಿಲು ತೆರೆಯುತ್ತಿತ್ತು. ಕೂಲಿಯವಳ ಮುಖ ಅವರಿಗೆ ಒಂದು ಚಿತ್ರ, ಅಷ್ಟೆ. ತಾನು ನಿದ್ದೆಯಲ್ಲಿದ್ದೆ, ಏಳೂವರೆಗೆ ನೋಡಿದೆ ಎಂದು ಅವರು ಹೇಳುತ್ತಾರೆ. ಎಲ್ಲ ಸಾಹುಕಾರರೂ ನಿದ್ದೆಯಲ್ಲೇ ಇರುತ್ತಾರೆ. ಪಾಪಕ್ಕ ಗುಂಡಿ ಒತ್ತುತ್ತಿರುವ ಚಿತ್ರವನ್ನೂ ಹಾಕಿಸಿದ್ದೇನೆ. ಆ ವಿಡಿಯೋ ನನ್ನ ಬಳಿ ಇದೆ. ಹೇಗೆ ಬಂತೆಂದು ಕೇಳಬೇಡ. ಚೆನ್ನಾಗಿ ಬಂದಿದೆ ಅವಳ ಮುಖ.

ಅಧಿಕಾರಿಯ ಮುಂದೆ ಅಮ್ಮ ಹೇಳಬೇಕಾದದ್ದು: ಒತ್ತಿದೆ, ತೆಗೆಯಲಿಲ್ಲ, ಹೆದರಿಕೆಯಿಂದ ಕಾಲು ಸೋತು ಕೂತೆ. ಮುಗಿಯಿತು. ಗಂಟೆ ಮಾತಾಡಿತು ಎನ್ನುವುದು ಬಾಯಿಗೆ ಬರಕೂಡದು. ಗಂಟೆ ತಾನಾಗಿ ಮಾತಾಡುವುದಿಲ್ಲ, ನಿನಗೂ ಗೊತ್ತು. ಇವಳಿಗೆ ತಲೆ ಕೆಟ್ಟಿದೆ ಎಂದು ಅವರ ವಕೀಲ ಒಂದು ಸಲ ಅಂದರೆ ಇಡೀ ಅರ್ಜಿ ಬಿದ್ದುಹೋಗುತ್ತದೆ. ನೀನು ಅವಳಿಗೆ ತಲೆಯ ಡಾಕ್ಟರ ಹತ್ತಿರ ಮಾತ್ರೆ ಬರೆಸಿದ್ದೀಯೆಂದು ದೀಪಕ್ ಹೇಳಿದ. ಒಳ್ಳೆಯದೇ. ಶುಕ್ರವಾರ ಬೆಳಿಗ್ಗೆ ಒಂದು ಹೆಚ್ಚಿಗೆ ಕೊಡು, ಮಾತು ಕಡಿಮೆಯಾಡುತ್ತಾಳೆ.

ಕಟುಕಿ ಎನ್ನುತ್ತೀಯ, ಅನ್ನು. ಒಬ್ಬಳ ನೆಮ್ಮದಿಗಾಗಿ ಇಪ್ಪತ್ತೆರಡು ಮನೆಯ ನ್ಯಾಯ ಬಿಡಲಾಗುವುದಿಲ್ಲ. ನೀನು ಬರದಿದ್ದರೆ ನಿನ್ನ ಅಪ್ಪ ಹಾವು ಕಚ್ಚಿ ಸತ್ತ ಒಬ್ಬ ಕೂಲಿಯಾಗಿ ಉಳಿಯುತ್ತಾನೆ. ಅದು ನಿನ್ನ ಆಯ್ಕೆ.

ಹತ್ತು ಗಂಟೆಗೆ ಗೇಟಿನ ಬಳಿ ಇರುತ್ತೇನೆ.

ನಿನ್ನ ಎದುರುಮನೆಯಲ್ಲಿ ಬೆಳೆದವಳು,
ಅನುಶ್ರೀ

ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ:

ನಿಜ. ಮಾತ್ರೆ ನಿಲ್ಲಿಸು.

ಗಂಟೆಯನ್ನು ಪರೀಕ್ಷಿಸಲು ಮೊದಲು ನನ್ನ ಫೋನಿಗೆ ಜೋಡಿಸಿದ್ದೆ. ಆಮೇಲೆ ತೆಗೆಯಲಿಲ್ಲ. ಮುಂಬಾಗಿಲಿಗೆ ಲೈನಿನವರು ಎಷ್ಟು ಮಂದಿ ಬರುತ್ತಾರೆ, ಸಾಹುಕಾರರು ಎಷ್ಟು ಸಲ ತೆರೆಯುತ್ತಾರೆ ಎಂದು ನೋಡಬೇಕೆಂದು ಬೇಕೆಂದೇ ಉಳಿಸಿಕೊಂಡೆ. ಅದರಲ್ಲಿ ಉತ್ತರ ಕೊಡಲೂ ಬರುತ್ತದೆ. ಮೊದಲೇ ದನಿ ತುಂಬಿಸಿಟ್ಟರೆ ಫೋನಿನಲ್ಲಿ ಒಂದು ಸಲ ಮುಟ್ಟಿದರೆ ಸಾಕು, ಬಾಗಿಲಲ್ಲಿ ಅದು ಕೇಳಿಸುತ್ತದೆ. ಪರೀಕ್ಷೆಗೆ ನನ್ನ ದನಿಯನ್ನೇ ತುಂಬಿಸಿದ್ದೆ: “ಕೇಳಿಸ್ತು. ಬರ್ತಿದ್ದೀವಿ. ಅಲ್ಲೇ ಇರಿ.”

ಆ ಸೋಮವಾರ ನಾನು ಸಂಘದ ಸಭೆಗೆ ಮೈಸೂರಿಗೆ ಹೊರಟ ಬಸ್ಸಿನಲ್ಲಿದ್ದೆ. ಫೋನ್ ಸದ್ದು ಆರಿಸಿಟ್ಟಿದ್ದೆ. ಪರದೆಯ ಮೇಲೆ ಪಾಪಕ್ಕನ ಮುಖ ಬಂತು. ಬಾಯಿ ಆಡುತ್ತಿತ್ತು. ಏನೆನ್ನುತ್ತಿದ್ದಾಳೆಂದು ಕೇಳಿಸಿಕೊಳ್ಳಬೇಕೆನಿಸಲಿಲ್ಲ. ಅವಳು ಮುಂಬಾಗಿಲಿಗೆ ಬಂದಿದ್ದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಪಕ್ಕದಲ್ಲಿ ಕೂತಿದ್ದ ಸಂಘದ ಗೆಳತಿ ಶಾಂಭವಿಗೆ ತೋರಿಸಿ, “ನೋಡು, ಇವಳಿಗೆ ಕಲಿಸಿದವಳು ನಾನು” ಎಂದೆ. ಇನ್ನೂ ತೆರೆದಿಲ್ಲ, ಹೆದರಿ ಹಿಂದಕ್ಕೆ ಹೋಗಿಬಿಟ್ಟಾಳು ಎನಿಸಿ ಆ ಉತ್ತರವನ್ನು ಮುಟ್ಟಿದೆ. ಆರೂ ಹದಿನೆಂಟು. ಆಮೇಲೆ ಫೋನನ್ನು ಚೀಲಕ್ಕೆ ಹಾಕಿದೆ.

ಮೊನ್ನೆ ರೂಮಿನ ಬಾಗಿಲು ಹಾಕಿಕೊಂಡು ಸದ್ದಿನ ಜೊತೆ ನೋಡಿದೆ. ನನ್ನ ದನಿ ಬಂದ ಕೂಡಲೇ ಅವಳ ಮುಖ ಅರಳುತ್ತದೆ. “ಅನವ್ವಾ, ನೀನಾ? ನಿಮ್ಮ ಕರಿಯಣ್ಣಂಗೆ ಹಾವು ಕಚ್ಚದೆ ಕಣವ್ವ, ಜೀಪು ಕಳ್ಸು ಅನ್ನು” ಎನ್ನುತ್ತಾಳೆ. ಗಂಟೆಗೆ ಕಿವಿಗೊಟ್ಟು ಕಾಯುತ್ತಾಳೆ. “ಆಯ್ತು, ಇಲ್ಲೇ ಇರ್ತೀನಿ” ಎಂದು ಸೆರಗು ಮಡಿಚಿ ಮೆಟ್ಟಿಲ ಮೇಲೆ ಕೂರುತ್ತಾಳೆ. ಆರೂ ಇಪ್ಪತ್ತೈದಕ್ಕೆ ಕೆಳಗಿನಿಂದ ಹಾಲಿನ ಗಾಡಿಯ ಹಾರನ್ ಕೇಳಿಸುತ್ತದೆ. ಎದ್ದು ನಿಲ್ಲುತ್ತಾಳೆ. ಎರಡು ಮೆಟ್ಟಿಲು ಇಳಿಯುತ್ತಾಳೆ. ಆಮೇಲೆ ತಿರುಗಿ ನನ್ನನ್ನು ನೋಡುತ್ತಾಳೆ, ಮತ್ತೆ ಬಂದು ಕೂರುತ್ತಾಳೆ.