ಕುದುರೆಗಳ ಮುಂದೆ ಓಡುವವನು

ಪಕ್ಕದ ಸೀಟಿನ ಗೆಳೆಯಾ, ಜುಜೆ,

ದಮ್ಮಾಮಿನಿಂದ ಅಲ್ ಖೋಬರಿಗೆ ಹೋಗುವ ರಸ್ತೆಯಲ್ಲಿ ಈಗಲೂ ಸಂಜೆಯ ಧೂಳಿಗೆ ಬಿಸಿಲು ಬಿದ್ದು ಎಲ್ಲವೂ ತೇಲುತ್ತದೆ. ಮುಂದೆ ಹೋಗುವ ಕಾರುಗಳಿಗೆ ಚಕ್ರಗಳೇ ಇಲ್ಲವೇನೋ ಅನ್ನಿಸುತ್ತದೆ. ಅಷ್ಟು ವರ್ಷ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬಂದವರು ನಾವು. ರಜೆಗೆಂದು ಊರಿಗೆ ಹೋದ ನೀನು ಒಂದು ಎದೆನೋವಿಗೆ ಅಲ್ಲೇ ಉಳಿದುಬಿಟ್ಟೆ. ಆಮೇಲೆ ಇಲ್ಲಿ ಏನಾಯಿತೆಂದು ನಿನಗೆ ಯಾರು ಹೇಳಬೇಕು?

ವಿಮಾನ ನಿಲ್ದಾಣದ ಸಾಲಿನಲ್ಲಿ ನಮ್ಮ ದೇಶದವನೇ ಒಬ್ಬ ನಿನ್ನ ಮುಖ ನೋಡಿ, ನೈಜೀರಿಯಾದವನೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದು ನೆನಪಿದೆಯೇ? "ಅಲ್ಲ ಮಾರಾಯಾ, ಯಲ್ಲಾಪುರ!" ಎಂದು ನೀನು ಕನ್ನಡದಲ್ಲೇ ಹೇಳಿ ಅವನನ್ನು ಬೆಚ್ಚಿಬೀಳಿಸಿದೆ. ನಿಮ್ಮ ಸಿದ್ದಿಗಳು ಆಫ್ರಿಕಾದಿಂದ ನಮ್ಮ ಕಡೆಗೆ ಬಂದು ಶತಮಾನಗಳೇ ಕಳೆದರೂ ಪ್ರತಿ ಸಾಲಿನಲ್ಲೂ ನೀನು ಅದನ್ನು ಹೊಸದಾಗಿ ಹೇಳಬೇಕಿತ್ತು. ನಮ್ಮ ಸೌದಿ ಮ್ಯಾನೇಜರಿಗೆ ಮಾತ್ರ ಆ ಊರಿನ ಹೆಸರೆಂದರೆ ಖುಷಿ. 'ಯಲ್ಲಾ' ಎಂದರೆ ಅವರಿಗೆ 'ನಡಿ, ಹೊರಡು'. ಹೊರಡು ಎಂಬ ಹೆಸರಿನ ಊರಿನವನು ಇನ್ನೂ ಕುರ್ಚಿಯಲ್ಲೇ ಕೂತಿದ್ದಾನಲ್ಲ ಎಂದು ದಿನಾ ಕೆಣಕುತ್ತಿದ್ದರು.

ಫಾರೂಕ್ ಸಾಹೇಬರ ಮನೆಯ ಹಜಾರ ಕಣ್ಣ ಮುಂದೆ ಬರುತ್ತದೆ. ಭಟ್ಕಳದ ಆ ವ್ಯಾಪಾರಿಗೆ ಸಿನಿಮಾ ಹುಚ್ಚು. ಆಗ ಇಲ್ಲಿ ಚಿತ್ರಮಂದಿರಗಳೇ ಇರಲಿಲ್ಲ. ಶುಕ್ರವಾರದ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ಬಿಳಿ ಗೋಡೆಯ ಮೇಲೆ ಮೂಕಿ ಚಿತ್ರ ಬಿಡುತ್ತಿದ್ದರು. ಗೋಡೆಯ ಪಕ್ಕ ನಿಂತು, ಬಾಯಿ ಆಡಿಸುವ ಆ ಬೂದು ಮನುಷ್ಯರಿಗೆಲ್ಲ ಕನ್ನಡ ಕೊಡುತ್ತಿದ್ದವನು ನೀನು. ನಿನ್ನ ಬಾಯಲ್ಲಿ ಪರದೇಶದ ರಾಣಿ ಶಿರಸಿ ಪೇಟೆಯ ಹೆಂಗಸಿನ ಹಾಗೆ ಬೈಯುತ್ತಿದ್ದಳು. ನಿದ್ದೆಗಣ್ಣಿನಲ್ಲಿ ನೋಡಿದ ಆ ಚಿತ್ರಗಳು ಈಗ ನನಗೆ ಬರೀ ನಿನ್ನ ದನಿಯಾಗಿ ಉಳಿದಿವೆ.

ಒಂದು ಶುಕ್ರವಾರ ಅಮೆರಿಕದ ಆ ಮಹಾಚಿತ್ರ ಬಂತು. ನೂರು ವರ್ಷಕ್ಕೂ ಹಳೆಯದು, ಸಿನಿಮಾಕ್ಕೆ ಕಥೆ ಹೇಳಲು ಕಲಿಸಿದ್ದೇ ಅದು ಎಂದು ಸಾಹೇಬರು ಹೊಗಳಿದ್ದರು. ಸುಳ್ಳಲ್ಲ. ಯುದ್ಧದ ಹೊಗೆ ಗೋಡೆಯಿಂದ ಇಳಿದು ನಮ್ಮ ಕಾಲ ಬಳಿ ಬಂದಂತಿತ್ತು. ಆಮೇಲೆ ಕರಿಯರ ಪಾತ್ರಗಳು ಬಂದವು. ಹೆಚ್ಚಿನವರು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು. ಕಣ್ಣು ಹೊರಳಿಸುತ್ತಾ, ಹೆಂಗಸರ ಬೆನ್ನು ಹತ್ತುತ್ತಾ. ಕರಾವಳಿಯ ನಮ್ಮವರಿಗೆ ಮುಖದ ಮೇಲೆ ಬಣ್ಣ ಕಂಡರೆ ನೆನಪಾಗುವುದು ಯಕ್ಷಗಾನದ ರಾಕ್ಷಸ ಪಾತ್ರವೇ ತಾನೇ? "ಹೋ, ಬಣ್ಣದ ವೇಷ ಬಂತು! ಚೆಂಡೆ ಎಲ್ಲಿ ಮಾರಾಯ್ರೆ?" ಎಂದು ಯಾರೋ ಕೂಗಿದರು. ಹಜಾರವೆಲ್ಲ ನಕ್ಕಿತು. ನೀನೂ ನಕ್ಕೆ, ಖಾಲಿ ನೀರಿನ ಕ್ಯಾನನ್ನು ಬೋರಲು ಹಾಕಿ ಬಾರಿಸಿದೆ. ಕೊನೆಗೆ ಬಿಳಿ ಮುಸುಕಿನ ಸವಾರರು ಕುದುರೆ ಓಡಿಸಿಕೊಂಡು ಕರಿಯರನ್ನು ಅಟ್ಟಲು ಬಂದಾಗ ಎಲ್ಲರೂ ಅವರನ್ನೇ ಹುರಿದುಂಬಿಸಿದರು. ಆಗ ನಿನ್ನ ಕೈ ನಿಂತಿತು. ಮಾತೂ...

ಮರಳುವಾಗ ಕಾರಿನಲ್ಲಿ ಸಿಟ್ಟಿನಿಂದ ಕೂಗಾಡಿದ್ದು ನಾನು. ಆ ಚಿತ್ರ ನೋಡಿದ ಮೇಲೆಯೇ ಅಮೆರಿಕದಲ್ಲಿ ಸತ್ತುಹೋಗಿದ್ದ ಮುಸುಕಿನ ಗುಂಪನ್ನು ಮತ್ತೆ ಕಟ್ಟಿದರು, ಕರಿಯರನ್ನು ಬೇಟೆಯಾಡಿದರು, ನೀನು ಯಾಕೆ ನಕ್ಕೆ ಎಂದು ಕೇಳಿದೆ. "ನಗದೇ ಎಂತ ಮಾಡೂದು?" ಎಂದೆ ನೀನು. "ನಾ ಎದ್ದು ಹೋಗಿದ್ರೆ ಎಲ್ರೂ ಸಿನಿಮಾ ಬಿಟ್ಟು ನನ್ನ ಮುಖ ನೋಡ್ತಿದ್ರು." ಸಮುದ್ರದ ಕಡೆ ಮುಖ ತಿರುಗಿಸಿ ನೀನೇ ಮುಂದುವರಿಸಿದೆ. "ನಮ್ಮ ಆಟದ ರಾಕ್ಷಸ ಬೆಳಿಗ್ಗೆ ಬಣ್ಣ ತೊಳ್ಕೊಂಡು ಮನೆಗೆ ಹೋಗ್ತಾನೆ. ಈ ಸಿನಿಮಾದವ್ರೂ ತೊಳ್ಕೊಂಡು ಹೋದ್ರು. ನಾ ಎಂತ ತೊಳೀಲಿ, ಹೇಳು?" ಇಂಥದ್ದನ್ನು ಯಾರೂ ತೋರಿಸಲೇಬಾರದು ಎಂದೆ ನಾನು. ನೀನು ಅಡ್ಡಡ್ಡ ತಲೆಯಾಡಿಸಿದೆ. "ತೋರಿಸ್ಬೇಕು ಮಾರಾಯಾ. ಒಳ್ಳೆ ಸಿನಿಮಾ ಅದು, ಅದೇ ಅದರ ವಿಷ. ಆದ್ರೆ ಬಾಯಿ ಮುಚ್ಕೊಂಡು ತೋರಿಸೂದಲ್ಲ."

ಮೊನ್ನೆ ಸಾಹೇಬರು ಫೋನ್ ಮಾಡಿದರು. ಈಗ ಇಲ್ಲಿ ಮಾಲ್‌ಗಳಲ್ಲೇ ಚಿತ್ರಮಂದಿರಗಳಿವೆ ಜುಜೆ, ನೀನು ನಂಬುವುದಿಲ್ಲ. ಆದರೂ ಹಳೆಯ ಹಜಾರದಲ್ಲಿ ಆ ಚಿತ್ರವನ್ನು ಮತ್ತೆ ಹಾಕುವುದಂತೆ, ಬರೀ ಸಂಗೀತದ ಜೊತೆ, ವಿವರಣೆಯಿಲ್ಲದೆ. "ಕಲೆಯನ್ನು ಕಲೆ ಅಂತ ನೋಡ್ಬೇಕು" ಎಂದರು. ನಾನು ಒಪ್ಪದಿದ್ದಾಗ ನಿನ್ನ ಹೆಸರು ತೆಗೆದರು. "ಅರೇ, ಜುಜೆಯೇ ನಕ್ಕಿದ್ದ ಅಲ್ವಾ? ಅವನಿಗೆ ಇಲ್ಲದ ಬೇಜಾರು ನಿಮಗ್ಯಾಕೆ?" ನನ್ನ ಮೈ ಉರಿದುಹೋಯಿತು. ಸತ್ತವನ ನಗುವನ್ನು ಒಪ್ಪಿಗೆ ಎಂದು ಎಲ್ಲಿಯವರೆಗೆ ಹೊತ್ತು ತಿರುಗುತ್ತಾರೆ? ನೀನು ಸಮುದ್ರದ ಕಡೆ ಮುಖ ತಿರುಗಿಸಿದ್ದನ್ನು ಅವರು ನೋಡಿರಲಿಲ್ಲ, ನಿಜ. ಕಾರಿನಲ್ಲಿ ನೀನು ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ನಾನು ಅವರಿಗೆ ಹೇಳಿದೆ. "ಹಾಗಾದ್ರೆ ನೀವೇ ಬಂದು ಮಾತಾಡಿ" ಎಂದರು.

ನಿನ್ನೆ ಶುಕ್ರವಾರ, ಗೋಡೆಯ ಪಕ್ಕ ನಾನು ನಿಂತೆ. ನಿನ್ನ ದನಿ ನನಗಿಲ್ಲ, ರಾಣಿಯರನ್ನು ಬೈಯಿಸಲೂ ಬರುವುದಿಲ್ಲ. ಮಸಿಯ ಮುಖಗಳು ಬಂದಾಗ, ಇದು ವೇಷವಲ್ಲ, ಬದುಕಿದ್ದವರ ಮೇಲೆ ಹೊರಿಸಿದ ಸುಳ್ಳು ಎಂದಷ್ಟೇ ಹೇಳಿದೆ. ಸವಾರರು ಬಂದರು. "ಕುದುರೆಗಳನ್ನು ಬಿಡಿ," ಎಂದೆ, "ಅವುಗಳ ಮುಂದೆ ಓಡುವವನನ್ನು ನೋಡಿ." ಯಾರೂ ಕೂಗಲಿಲ್ಲ. ಗೋಡೆಯ ಮೇಲೆ ಬಿಳಿ ಧೂಳು ಎದ್ದಿತು. ಅದರೊಳಗೆ ಒಬ್ಬ ಮನುಷ್ಯ ಚೌಕಟ್ಟಿನ ಅಂಚಿಗೆ ಓಡಿ ಮರೆಯಾದ. ಆ ಕತ್ತಲೆಯಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ಸಾಹೇಬರು ತಮಗೆ ತಾವೇ ಎಂಬಂತೆ ಕೇಳಿದರು:

"ಅಲ್ಲಾ ಮಾರಾಯ್ರೆ, ಅವ ಎಲ್ಲಿಗೆ ಹೋಗ್ಬೇಕು?"