ನೈಟ್ ಎಂದರೆ ರಾತ್ರಿಯಲ್ಲ

ಮಂಗಳವಾರ, ಅಂಗಡಿಗೆ ರಜೆ

ಚಿಣ್ಣಿಯ ಅಮ್ಮನಿಗೆ, ಚಿಣ್ಣಿಯ ಅಪ್ಪ ಮಾಡುವ ನಮಸ್ಕಾರ.

ಇನ್ನು ವಾರವಾರ ಫೋನ್ ಮಾಡುವುದು ಬೇಡ, ಮನಸ್ಸಾದಾಗ ಚಿಣ್ಣಿಯೇ ಮಾಡುತ್ತಾಳೆ ಎಂದು ನೀನು ಹೇಳಿ ಕಳಿಸಿದ್ದು ತಲುಪಿತು. ಫೋನಿನಲ್ಲಿ ಉತ್ತರ ಕೊಡಲು ಹೋದರೆ ನನ್ನ ದನಿ ಏರುತ್ತದೆ, ನೀನು ಅದನ್ನು ಜಗಳ ಅಂದುಕೊಳ್ಳುತ್ತೀಯ. ಅದಕ್ಕೇ ಈ ಕಾಗದ. ಜಗಳವಾಡುವ ಶಕ್ತಿ ನನಗೂ ಉಳಿದಿಲ್ಲ.

ಇದೆಲ್ಲ ಶುರುವಾದದ್ದು ಒಂದು ಪದದಿಂದ. ಶಾಲೆಯಲ್ಲಿ ರಾಜರಾಣಿಯರ ಪಾಠ ನಡೆಯುತ್ತಿದೆ ಎಂದು ಚಿಣ್ಣಿ ಒಂದು ಭಾನುವಾರ ಫೋನಿನಲ್ಲಿ ಖುಷಿಯಾಗಿ ಹೇಳುತ್ತಿದ್ದಳು. ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿಗೆ ಜಾರುವುದು ಅವಳ ಅಭ್ಯಾಸ. ನೀವು ಹೋದ ಊರಿನ ಶಾಲೆ ಸೇರಿದ ಮೇಲೆ ಜಾರುವುದೇ ಹೆಚ್ಚು. ಯಾವುದೋ ರಾಜನ ‘ರೇನ್’ ಬಹಳ ಉದ್ದವಾಗಿತ್ತು ಎಂದಳು. ನಾನು ಇಲ್ಲೂ ಮಳೆ ಬಿಡದೆ ಹುಯ್ಯುತ್ತಿದೆ, ಕೊಡೆ ಮರೆಯಬೇಡ ಅಂದೆ. ಆ ಕಡೆಯಿಂದ ಅವಳು ನಿನಗೆ ಹೇಳಿದ್ದು ಕೇಳಿಸಿತು: “ಅಪ್ಪಂಗೆ ಏನೂ ಗೊತ್ತಾಗಲ್ಲಮ್ಮ, ನೀನೇ ಮಾತಾಡು.”

ನನ್ನ ಹತ್ತಿರ ಗಡ್ಡ ಮಾಡಿಸಿಕೊಳ್ಳುವ ಇಂಗ್ಲಿಷ್ ಮೇಷ್ಟ್ರು ನಿನಗೆ ನೆನಪಿರಬೇಕು. ರಾಜರಾಣಿಯರ ಪದಗಳನ್ನು ಕಲಿಸಿಕೊಡಿ ಎಂದು ಅವರಿಗೆ ಗಂಟುಬಿದ್ದೆ. ಕುರ್ಚಿಯಲ್ಲಿ ಕೂರಿಸಿ, ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತಂದು, ಡ್ಯೂಕ್ ದೊಡ್ಡವನೋ ಅರ್ಲ್ ದೊಡ್ಡವನೋ ಎಂದು ಕೇಳುತ್ತಿದ್ದೆ. ಪಾಪ, ತಲೆ ಅಲ್ಲಾಡಿಸುವಂತಿಲ್ಲ, ಬಾಯಿ ತೆರೆದರೆ ನೊರೆ. ಒಂದು ದಿನ ಅವರಿಗೂ ಸಾಕಾಯಿತು. “ಮೊದಲು ಆ ಕತ್ತಿ ಕೆಳಗಿಡಪ್ಪಾ, ಆಮೇಲೆ ಯಾರನ್ನ ಬೇಕಾದ್ರೂ ದೊಡ್ಡವನು ಮಾಡೋಣ” ಅಂದರು.

ಅಂತೂ ಕಲಿತೆ. ಅವಳು ಹೇಳಿದ ರೇನ್ ಮಳೆಯಲ್ಲ, ರಾಜನ ಆಳ್ವಿಕೆಯಂತೆ. ರಾಜನ ಕೆಳಗೆ ಡ್ಯೂಕ್, ಅವನ ಕೆಳಗೆ ಮಾರ್ಕ್ವಿಸ್, ಆಮೇಲೆ ಅರ್ಲ್, ವೈಕೌಂಟ್, ಬ್ಯಾರನ್. ಸಾಮಂತನಿಗೆ ವ್ಯಾಸಲ್, ಕೋಟೆಯ ಸುತ್ತಲಿನ ಕಂದಕಕ್ಕೆ ಮೋಟ್. ಏರ್ ಎಂದರೆ ಗಾಳಿ ಅಂದುಕೊಂಡಿದ್ದೆ, ಪಟ್ಟಕ್ಕೆ ಬರುವ ವಾರಸುದಾರನಿಗೂ ಏರ್ ಅನ್ನುತ್ತಾರಂತೆ. ಕುದುರೆಯೇರಿ ಯುದ್ಧಕ್ಕೆ ಹೋಗುವವನು ನೈಟ್. ಅದನ್ನು ಬರೆಯುವಾಗ ಮುಂದೊಂದು ‘ಕೆ’ ಸುಮ್ಮನೆ ಕೂತಿರುತ್ತದೆ, ಬಾಯಿ ಬಿಡುವುದಿಲ್ಲ. ನಾವು ಒಟ್ಟಿಗಿದ್ದ ಕೊನೆಯ ವರ್ಷ ನಾನು ಮನೆಯಲ್ಲಿ ಕೂತಿದ್ದೆನಲ್ಲ, ಹಾಗೆ. ನೀನು ಇದನ್ನು ಓದಿ ನಗಬೇಕು ಎಂದೇ ಬರೆದೆ.

ಕಳೆದ ಭಾನುವಾರ ಅವಳಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಪೂರ್ತಿ ಕೇಳಿದಳು. ಕೇಳಿ, ಬಹಳ ಮರ್ಯಾದೆಯಿಂದ, ಆ ಪಾಠ ಯಾವಾಗಲೋ ಮುಗಿಯಿತು, ಈಗ ಗ್ರಹಗಳ ಪಾಠ ಎಂದಳು. ಅವಳ ಆ ಮರ್ಯಾದೆಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹೆತ್ತ ಅಪ್ಪನ ಹತ್ತಿರ ಮಕ್ಕಳು ಹಠ ಮಾಡುತ್ತವೆ, ಗೇಲಿ ಮಾಡುತ್ತವೆ, ಮುಖ ಊದಿಸುತ್ತವೆ. ಮರ್ಯಾದೆ ಕೊಡುವುದು ಬೇರೆಯವರಿಗೆ.

ಗ್ರಹಗಳನ್ನೂ ಕಲಿತೇನು. ಆದರೆ ನಾನು ಶನಿಯ ತನಕ ತಲುಪುವಷ್ಟರಲ್ಲಿ ಅವಳು ಇನ್ನೆಲ್ಲೋ ಇರುತ್ತಾಳೆ. ಬಂದು ನೋಡುತ್ತೇನೆಂದರೆ ನೀನು ಒಪ್ಪುವುದಿಲ್ಲ. ಅವಳಿಗೆ ಮನಸ್ಸಾಗುವವರೆಗೆ ಕಾಯಬೇಕು ಎನ್ನುತ್ತೀಯ. ದನಿಯೂ ಕೇಳದಿದ್ದರೆ ಎಳೆಯ ಮಗುವಿಗೆ ಮನಸ್ಸಾದರೂ ಹೇಗೆ ಬರಬೇಕು?

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಭಾನುವಾರದ ಫೋನ್ ನಿಲ್ಲಿಸಬೇಡ. ಅವಳು ಮಾತಾಡದಿದ್ದರೂ ಸರಿ, ಅವಳು ಓದುವ ಮೇಜಿನ ಮೇಲೆ ಫೋನನ್ನು ಸ್ವಲ್ಪ ಹೊತ್ತು ಇಟ್ಟಿರು. ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಅವಳಿಗಿದೆ. ನಾನು ಕೇಳಿಸಿಕೊಳ್ಳುತ್ತೇನೆ, ಅರ್ಥವಾಗದಿದ್ದರೂ ಪರವಾಗಿಲ್ಲ. ಅದೂ ಆಗದು ಎಂದರೆ ನಾನೇನೂ ಮಾಡಲಾರೆ. ಮಗು ಇರುವುದು ನಿನ್ನ ಹತ್ತಿರ.

ಇತಿ,
ಚಿಣ್ಣಿಯ ಅಪ್ಪ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಕಳೆದ ಭಾನುವಾರ ಫೋನ್ ಇಡುವಾಗ ಅವಳು “ಥ್ಯಾಂಕ್ಯೂ ಅಂಕಲ್” ಅಂದಳು. ಬಾಯಿತಪ್ಪಿ ಬಂದದ್ದು, ಅವಳಿಗೇ ತಿಳಿಯಲಿಲ್ಲ. ನಾನು ತಿದ್ದಲಿಲ್ಲ, ತಿದ್ದಿದರೆ ನಾಚಿಕೊಂಡು ಮತ್ತೆ ಫೋನಿಗೇ ಬರುವುದಿಲ್ಲವೇನೋ ಎಂದು ಹೆದರಿದೆ. ದಯವಿಟ್ಟು ನೀನೂ ಅವಳಿಗೆ ಹೇಳಬೇಡ.